ಗುಂಯ್ ಇಲ್ಲದ ಗುಣಗಾನ

ತಕ್ಕಡಿ ತಯಾರಿಸುವ ಆ ಕಂಪನಿಯ ಶಾಖೆಯಲ್ಲಿ ಯಾರೇ ನಿವೃತ್ತರಾಗಲಿ, ಅವರನ್ನು ಹೊಗಳಲು ವೇದಿಕೆ ಹತ್ತುವಂತಿಲ್ಲ. ಹೊಗಳಿಕೆಯನ್ನೆಲ್ಲ ಮೊದಲೇ ರೆಕಾರ್ಡ್ ಮಾಡಿ ಸಭೆಯಲ್ಲಿ ಕೇಳಿಸಬೇಕು. ಈ ಕಾನೂನಿಗೆ ಕಾರಣ ಅಲ್ಲಿನ ಸ್ಟೋರ್‌ಕೀಪರ್. ಹಿಂದಿನ ಅಕೌಂಟೆಂಟರ ಬೀಳ್ಕೊಡುಗೆಯಲ್ಲಿ ಆತ "ಎರಡೇ ಮಾತು" ಎಂದು ಮೈಕು ಹಿಡಿದವನು, ಅಕೌಂಟೆಂಟರು ತನ್ನ ರಜೆಗಳನ್ನು ತಡೆಹಿಡಿದ ಚರಿತ್ರೆಯನ್ನು ಆದಿಯಿಂದ ಹೇಳತೊಡಗಿದ. ಯಾರೋ ಮೈಕಿನ ವೈರು ಕಿತ್ತರು. ಆದರೂ ಆತ ಬರಿಗಂಟಲಿನಲ್ಲೇ ಮುಗಿಸಿ ಇಳಿದ. ಅಷ್ಟರಲ್ಲಿ ಅಕೌಂಟೆಂಟರು ಹೂಗುಚ್ಛವನ್ನೂ ಬಿಟ್ಟು ಹಿಂಬಾಗಿಲಿನಿಂದ ಹೊರಟುಹೋಗಿದ್ದರು.

ಈಗ ನಿವೃತ್ತಿಯ ಸರದಿ ಮ್ಯಾನೇಜರ್ ಸಾಹೇಬರದು. ರೆಕಾರ್ಡಿಂಗಿನ ಹೊಣೆ ಹಂಗಾಮಿಯವರ ತಲೆಗೆ ಬಂತು. ಸಾಹೇಬರು ರಜೆ ಹಾಕಿದಾಗಲೆಲ್ಲ ಅವರ ಕುರ್ಚಿಯಲ್ಲಿ ಹಂಗಾಮಿಯಾಗಿ ಕೂತು, ಅವರು ಬಂದೊಡನೆ ಎದ್ದು, ಮತ್ತೆ ಕೂತು, ಏಳುತ್ತಿದ್ದ ಇವರಿಗೆ ಅಪ್ಪ ಅಮ್ಮ ಇಟ್ಟ ಹೆಸರನ್ನೇ ಜನ ಕೊನೆಗೆ ಮರೆತಿದ್ದರು. ಹೆಂಡತಿಯ ತವರಿನವರೂ ಹಂಗಾಮಿ ಎಂದೇ ಕರೆಯುತ್ತಿದ್ದರು. ಆ ಕುರ್ಚಿಯ ಎಡಗೈ ಅಲುಗುತ್ತದೆಂಬುದು ಸಾಹೇಬರಿಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ಖಾಯಮ್ಮಾಗಿ ಕೂತ ದಿನ ಮೊದಲು ಅದಕ್ಕೊಂದು ಮೊಳೆ ಹೊಡೆಸಬೇಕೆಂದು ಎಷ್ಟೋ ವರ್ಷಗಳಿಂದ ಯೋಚಿಸಿಟ್ಟಿದ್ದರು.

ಆ ಕಂಪನಿಯಲ್ಲಿ ನಿವೃತ್ತಿ, ಬಡ್ತಿ ಎರಡೂ ನಿರ್ದೇಶಕರ ಬಾಯಲ್ಲಿದ್ದವು. ಅವರು ಹೇಳಿದ್ದೇ ಆಜ್ಞೆ, ಕಾಗದ ಬರುವುದೆಲ್ಲ ಆಮೇಲೆ. ಭಾನುವಾರ ಸಂಜೆ ನಿರ್ದೇಶಕರು ಸ್ವತಃ ಬಂದು ಸಾಹೇಬರನ್ನು ಬೀಳ್ಕೊಟ್ಟು ಅದೇ ಸಭೆಯಲ್ಲಿ ಹೊಸ ಮ್ಯಾನೇಜರರ ಹೆಸರು ಹೇಳುವವರಿದ್ದರು. ಸಾಹೇಬರು ಹಂಗಾಮಿಯವರನ್ನು ಕೋಣೆಗೆ ಕರೆದು ಬಾಗಿಲು ಹಾಕಿ, "ನೋಡ್ರಿ, ಡೈರೆಕ್ಟರ್ ಮುಂದೆ ನನ್ನ ಮರ್ಯಾದೆ ನಿಮ್ಮ ಕೈಲಿದೆ. ರೆಕಾರ್ಡಿಂಗ್ ಚೆನ್ನಾಗಿ ಬರ್ಲಿ. ನಿಮ್ಮ ವಿಷಯ ನಾನು ಹೇಳ್ತೀನಿ" ಅಂದರು. ಇಷ್ಟು ಸಾಕಾಯಿತು. ಹಂಗಾಮಿಯವರು ಅಂದೇ ಹೋಗಿ ಹೊಸ ಮೈಕು ಕೊಂಡು ತಂದರು.

ಆಫೀಸಿನ ಹಿಂದೆಯೇ ಭಾನುವಾರವೂ ನಿಲ್ಲದ ಕಾರ್ಖಾನೆ. ಅಲ್ಲಿ ಹೊಗಳಿದರೆ ಪ್ರತಿ ಮಾತಿಗೂ ಸುತ್ತಿಗೆ ತಾಳ ಹಾಕುತ್ತದೆ. ಹಾಗಾಗಿ ಭಾನುವಾರ ಬೆಳಿಗ್ಗೆ ತಮ್ಮ ಮನೆಯಲ್ಲೇ ಎಲ್ಲರ ಮಾತು ಹಿಡಿದು, ಮಧ್ಯಾಹ್ನ ಕೂಡಿಸಿ ಕಳೆದು, ಸಂಜೆಗೆ ಒಯ್ಯುವುದೆಂದಾಯಿತು. ಸಹಾಯಕ್ಕೆ ಭಾವಮೈದ ಬಂದ. ಧ್ವನಿ ವಿಷಯದಲ್ಲಿ ಅವನ ಪಾಂಡಿತ್ಯ ಅಷ್ಟಿಷ್ಟಲ್ಲ. ಮೈಕ್‌ಸೆಟ್ ಬಾಡಿಗೆ ಕೊಡುವ ಅಂಗಡಿಯ ಮೇಲಿನ ಕೋಣೆಯಲ್ಲಿ ಒಂದು ವರ್ಷ ವಾಸವಾಗಿದ್ದವನು.

ಬಂದವನೇ ಕೋಣೆಯ ನಡುವೆ ನಿಂತು ಚಪ್ಪಾಳೆ ತಟ್ಟಿ, ಕಿವಿಗೊಟ್ಟು, ರೋಗಿಯ ನಾಡಿ ಹಿಡಿದ ವೈದ್ಯನಂತೆ ಮುಖ ಸಣ್ಣ ಮಾಡಿದ. "ಭಾವ, ಕೋಣೆ ಕೂಗ್ತಿದೆ. ಗೋಡೆಗೆಲ್ಲ ದಪ್ಪ ಬಟ್ಟೆ ಕಟ್ಬೇಕು."

ಮನೆಯ ಕಂಬಳಿ, ಹಾಸಿಗೆ, ಚಳಿಗಾಲದ ಕೋಟು ಎಲ್ಲ ಗೋಡೆ, ಕಿಟಕಿ ಹತ್ತಿದವು. ಮೇಜಿನ ಮೇಲೆ ಹಳೆಯ ಲ್ಯಾಪ್‌ಟಾಪು, ಅದರ ಮುಂದೆ ಕೆಂಪು ಸ್ಪಂಜಿನ ಟೋಪಿ ಹಾಕಿದ ಹೊಸ ಮೈಕು. ಹಂಗಾಮಿಯವರು ಹೆಡ್‌ಫೋನ್ ಏರಿಸಿ, "ಪೂಜ್ಯ ಸಾಹೇಬರೇ" ಎಂದು ಹೇಳಿ ನೋಡಿದರು. ಮತ್ತೆ ಹಾಕಿ ಕೇಳಿದರೆ ಸಾಹೇಬರ ಹಿಂದೆಯೇ ಒಂದು ಗುಂಯ್ ಸದ್ದು ಹೊರಟಿತ್ತು. ಜೇನುಗೂಡಿನೊಳಗೆ ಕೂತು ಮಾತಾಡಿದಂತಿತ್ತು.

"ಫ್ರಿಜ್ಜು" ಎಂದ ಭಾವಮೈದ, ಕಣ್ಣು ಮುಚ್ಚಿಕೊಂಡೇ.

ಫ್ರಿಜ್ಜು ಆರಿಸಿದರು. ಗುಂಯ್ ನಿಲ್ಲಲಿಲ್ಲ. ಫ್ಯಾನು ಆರಿಸಿದರು. ದೀಪ ಆರಿಸಿದರು. ಗೋಡೆ ಗಡಿಯಾರದ ಬ್ಯಾಟರಿ ತೆಗೆದರು. ಗುಂಯ್ ಎಂಬುದು ಸಾಲ ಕೇಳಲು ಬಂದ ನೆಂಟನಂತೆ ಅಲ್ಲಾಡದೆ ಕೂತಿತ್ತು.

"ಹಾಲು ಒಡೆದ್ರೆ ನನ್ನ ಕೇಳ್ಬೇಡಿ" ಎಂದಳು ಹೆಂಡತಿ ಅಡುಗೆಮನೆಯಿಂದ. "ಹಾಲಿಲ್ಲದೆ ಟೀ ಹೇಗೆ ಮಾಡೋದು ಅಂತ ನಿಮ್ಮ ಸಾಹೇಬ್ರನ್ನೇ ಕೇಳಿ. ಅವರಿಗೆ ಎಲ್ಲ ಗೊತ್ತಲ್ಲ!"

"ಸಂಜೆವರೆಗೆ ತಡ್ಕೊಳೇ. ಆಮೇಲೆ ನೀನು ಮ್ಯಾನೇಜರ್ ಹೆಂಡ್ತಿ."

"ಹಂಗಾಮಿ ಹೆಂಡ್ತಿಯಾಗಿ ಇಷ್ಟು ವರ್ಷ ಹಾಲಿಗೇನೂ ತೊಂದರೆ ಇರ್ಲಿಲ್ಲ."

ಅಷ್ಟರಲ್ಲಿ ಮೇಲಿನ ಮನೆಯ ಡ್ರಿಲ್ ಮೇಷ್ಟ್ರು ಇಳಿದು ಬಂದರು. ಶಾಲೆಯಿಂದ ನಿವೃತ್ತರಾದರೂ ಕೊರಳಿನ ಸೀಟಿ ನಿವೃತ್ತವಾಗಿರಲಿಲ್ಲ. ವಿಷಯ ತಿಳಿದು ಅವರಿಗೆ ರೋಮಾಂಚನವಾಯಿತು. ಎಷ್ಟೋ ದಿನಗಳಿಂದ ಅವರ ಅಪ್ಪಣೆ ಕೇಳುವವರೇ ಇರಲಿಲ್ಲ.

"ಒಂದೊಂದೇ ಸ್ವಿಚ್ ಆರಿಸೋದಲ್ಲ ಇದು. ಇಡೀ ಬಿಲ್ಡಿಂಗ್ ಮೇನ್ ಆಫ್ ಮಾಡ್ಬೇಕು. ಲ್ಯಾಪ್‌ಟಾಪ್ ಬ್ಯಾಟರೀಲಿ ನಡೆಯುತ್ತಲ್ಲ? ಮತ್ತೇನು! ಮೆಟ್ಟಿಲ ಹತ್ರ ನಾನು ನಿಲ್ತೀನಿ. ಯಾರು ಸದ್ದು ಮಾಡ್ತಾರೋ ನೋಡೇಬಿಡ್ತೀನಿ."

ಹಂಗಾಮಿಯವರು ಬೇಡವೆನ್ನುವ ಮೊದಲೇ ಮೇನ್ ಬಿತ್ತು. ಕಟ್ಟಡದ ಎಲ್ಲ ಮನೆಗಳಿಂದಲೂ ಒಟ್ಟಿಗೆ "ಏನ್ರೀ ಇದು!" ಎಂಬ ಉದ್ಗಾರ ಕೇಳಿಬಂತು. ಅದನ್ನು ಅಡಗಿಸಲು ಮೇಷ್ಟ್ರು ಸೀಟಿ ಊದಿದರು. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲವಂತೆ. ಗುಂಯ್ ಕೂಡ ಸಾಯಲಿಲ್ಲ.

ಆಗಲೇ ಆಫೀಸಿನವರು ಬಂದರು. ಇನ್ನು ಗುಂಯ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ, ರೆಕಾರ್ಡಿಂಗ್ ನಡೆಯಲೇಬೇಕು. ಕತ್ತಲೆ ಕೋಣೆಯಲ್ಲಿ, ಕಂಬಳಿಗಳ ನಡುವೆ, ಸೆಕೆಯಲ್ಲಿ ಬೇಯುತ್ತ ಮೊದಲು ಸ್ಟೋರ್‌ಕೀಪರ್ ಕೂತ.

"ನಮ್ಮ ಸಾಹೇಬರ ಥರ ಕೆಲಸ ಮಾಡೋರನ್ನ ನಾನು ಎಲ್ಲೂ ನೋಡಿಲ್ಲ" ಎಂದು ಗಂಭೀರವಾಗಿ ಶುರುಮಾಡಿದ. ಹಂಗಾಮಿಯವರ ಮುಖ ಅರಳಿತು. "ಯಾಕಂದ್ರೆ ಅವರು ಕೆಲಸ ಮಾಡಿದ್ದನ್ನೇ ನಾನು ನೋಡಿಲ್ಲ."

"ಅಯ್ಯೋ ಮಾರಾಯ, ಒಳ್ಳೆ ಮಾತು ಹೇಳಪ್ಪ!"

"ಹೇಳ್ತಾನೇ ಇದೀನಲ್ಲ ಸಾರ್. ಕೆಟ್ಟದ್ದು ಹೇಳೋಕೆ ಇನ್ನೂ ಶುರುವೇ ಮಾಡಿಲ್ಲ."

ಹೊರಗೆ ಯಾರೋ ಕೆಮ್ಮಿದರು. ಮೇಷ್ಟ್ರು ಸೀಟಿ ಊದಿದರು. ಸ್ಟೋರ್‌ಕೀಪರನ ಮಾತು ಮತ್ತೆ ಮೊದಲಿನಿಂದ ಶುರುವಾಯಿತು. ಕೆಮ್ಮಿಗಿಂತ ಸೀಟಿಯ ಸದ್ದೇ ದೊಡ್ಡದು ಎಂದು ಮೇಷ್ಟ್ರಿಗೆ ಹೇಳಬೇಕಿತ್ತು, ಆದರೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಟೈಪಿಸ್ಟಮ್ಮ ಕೂತು, ಕೂದಲು ಸರಿಮಾಡಿಕೊಂಡು, "ಸಾಹೇಬ್ರು ಅಂದ್ರೆ ಸಾಹೇಬ್ರೇ. ಅವರು ರಜೆ ಮೇಲೆ ಹೋದಾಗ ಇಡೀ ಆಫೀಸಲ್ಲಿ ಎಂಥ ನೆಮ್ಮದಿ, ಎಂಥ ನಗು, ಎಂಥ ಪ್ರೀತಿ!" ಎಂದು ಮನಸ್ಸು ಬಿಚ್ಚಿದಳು. ಡ್ರೈವರ್ ಮಾತ್ರ ಮೈಕಿನ ಮುಂದೆ ಕೂತು ಮಾತೇ ಆಡಲಿಲ್ಲ. ಸಾಹೇಬರ ಬಗ್ಗೆ ಒಂದು ಒಳ್ಳೆಯ ಮಾತು ಬೇಕೆಂದಾಗ ಆತ ಸೂರು ನೋಡಿದ, ನೆಲ ನೋಡಿದ, ತನ್ನ ಅಂಗೈ ನೋಡಿಕೊಂಡ. ಕೊನೆಗೆ ಬಾಯಿ ಬಿಟ್ಟ. "ಒಂದ್ಸಲ ನಮ್ಮ ಮಗಳಿಗೆ ಜೋರು ಜ್ವರ. ಸಾಹೇಬ್ರ ಹತ್ರ ಹೋಗಿ ರಜೆ ಕೇಳ್ದೆ. ಕೊಡ್ಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು. ಅವತ್ತು ಅವರು ಮಾಡಿದ್ದನ್ನ ಸಾಯೋವರೆಗೂ ಮರೆಯೋದಿಲ್ಲ."

ಹಂಗಾಮಿಯವರಿಗೂ ಕಣ್ಣಲ್ಲಿ ನೀರು ಬಂತು, ಬೇರೆ ಕಾರಣಕ್ಕೆ. ಎಲ್ಲರ ಕೊನೆಗೆ ತಾವೇ ಕೂತು, "ಸಾಹೇಬರು ನಮ್ಮನ್ನೆಲ್ಲ ಬಿಟ್ಟು ಹೋಗುತ್ತಿದ್ದಾರೆ" ಎಂದು ನಡುಗುವ ಧ್ವನಿಯಲ್ಲಿ ಅಭ್ಯಾಸ ಮಾಡುತ್ತಿರುವಾಗ, ಬಾಗಿಲಲ್ಲಿ ಕೆಳಮನೆಯ ಹೊಲಿಗೆಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಕರೆಂಟಿಲ್ಲ, ಮನೆ ಕತ್ತಲು, ಕಿಟಕಿಗೆಲ್ಲ ಕಂಬಳಿ, ಒಳಗೆ ಅಳು. ಪಾಪ, ಅವಳಾದರೂ ಬೇರೆ ಏನು ತಿಳಿದಾಳು?

"ಯಾವಾಗ ಹೋದ್ರು?" ಎಂದು ಪಿಸುಗುಟ್ಟಿದಳು.

"ಇನ್ನೂ ಇಲ್ಲಮ್ಮ. ಇವತ್ತು ಸಂಜೆ" ಎಂದ ಭಾವಮೈದ.

"ಅಯ್ಯೋ! ಡಾಕ್ಟ್ರು ಹೇಳಿಬಿಟ್ರಾ?"

"ಇಲ್ಲ, ಹೆಡ್ಡಾಫೀಸಿನೋರು."

ಅವಳಿಗೆ ತಿಳಿಸಿ ಹೇಳುವಷ್ಟರಲ್ಲಿ ಹೊಲಿಗೆಯ ಯಂತ್ರ ನಿಲ್ಲಿಸಿದ್ದಕ್ಕೆ ಅವಳು ಬೈಯತೊಡಗಿದಳು, ಮೇಷ್ಟ್ರು ಸೀಟಿ ಊದಿದರು, ಅವಳು ಮೇಷ್ಟ್ರ ಸೀಟಿ ಕಿತ್ತುಕೊಂಡು ಹೋದಳು. ಆ ಬೆಳಿಗ್ಗೆ ನಡೆದ ಒಂದೇ ಒಂದು ಒಳ್ಳೆಯ ಕೆಲಸ ಅದು. ಆಫೀಸಿನವರು ಹಾಲಿಲ್ಲದ ಟೀ ಕುಡಿದು, "ಸಂಜೆ ಸಿಗೋಣ ಹಂಗಾಮಿ ಸಾರ್" ಎಂದು ಬೆವರು ಒರೆಸಿಕೊಳ್ಳುತ್ತ ಹೋದರು.

ಈಗ ಉಳಿದವರು ಹಂಗಾಮಿ, ಭಾವಮೈದ ಮತ್ತು ಗುಂಯ್. ಎಲ್ಲರ ಹೊಗಳಿಕೆಯ ಕೆಳಗೂ ಅದು ಹರಿಯುತ್ತಲೇ ಇತ್ತು. ಹಂಗಾಮಿಯವರು ಹತಾಶರಾಗಿ ಎದ್ದಾಗ ಕಾಲಿಗೆ ವೈರು ಸಿಕ್ಕಿ, ಮೈಕು ಮೇಜಿನಿಂದ ಹಾರಿ ನೇರ ಅವರ ಹೆಬ್ಬೆರಳ ಮೇಲೆ ಬಿತ್ತು. ಕೋಣೆ ನಡುಗುವಂತೆ ಧಡ್ ಎಂದಿತು. ಹಂಗಾಮಿಯವರು ಕೂಗಿದರು. ಭಾವಮೈದ ಮಾತ್ರ ಲ್ಯಾಪ್‌ಟಾಪಿನ ಪರದೆಯಲ್ಲಿ ಸದ್ದಿಗೆ ತಕ್ಕಂತೆ ಏಳುವ ಗೆರೆಯನ್ನೇ ನೋಡುತ್ತಿದ್ದ.

"ಭಾವ, ವಿಚಿತ್ರ. ನೀವು ಕೂಗಿದ್ದಕ್ಕೆ ಗೆರೆ ಮೇಲೆ ಹಾರಿತು. ಮೈಕು ಬಿದ್ದದ್ದಕ್ಕೆ ಅಷ್ಟಾಗಿ ಹಾರಲೇ ಇಲ್ಲ. ಮೈಕನ್ನ ಸ್ವಲ್ಪ ಉಜ್ಜಿ ನೋಡಿ."

ಉಜ್ಜಿದರು. ಗೆರೆ ಮಿಸುಕಲಿಲ್ಲ. ತಟ್ಟಿದರು, ಊದಿದರು, ಬೈದರು. ಬೈದದ್ದಕ್ಕೆ ಮಾತ್ರ ಗೆರೆ ಎದ್ದಿತು. ಆಗ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಬೆಳಗಿನಿಂದ ಕಂಪ್ಯೂಟರು ಆ ಹೊಸ ಮೈಕನ್ನು ಕೇಳಿಯೇ ಇರಲಿಲ್ಲ. ಸೆಟ್ಟಿಂಗಿನಲ್ಲಿ ಯಾವ ಮೈಕೆಂದು ಯಾರೂ ಆರಿಸಿರಲಿಲ್ಲ. ಅದು ತನ್ನ ಹೊಟ್ಟೆಯಲ್ಲೇ ಇರುವ ಸಣ್ಣ ಮೈಕಿನಿಂದ ಕೇಳಿಸಿಕೊಳ್ಳುತ್ತಿತ್ತು. ಆ ಮೈಕಿನ ಪಕ್ಕದಲ್ಲೇ ಲ್ಯಾಪ್‌ಟಾಪಿನ ಸ್ವಂತ ಫ್ಯಾನು ಗುಂಯ್ ಎಂದು ತಿರುಗುತ್ತಿತ್ತು. ಇಡೀ ಕಟ್ಟಡದ ಕರೆಂಟು ತೆಗೆದವರು ಮೇಜಿನ ಮೇಲಿನ ಕಳ್ಳನನ್ನು ಬಿಟ್ಟುಬಿಟ್ಟಿದ್ದರು. ಕೆಂಪು ಟೋಪಿಯ ಮೈಕು ಬೆಳಗಿನಿಂದ ಆಹ್ವಾನಿತ ಅತಿಥಿಯಂತೆ ಸುಮ್ಮನೆ ಕೂತಿತ್ತು.

"ನಾನು ಮೊದಲೇ ಅಂದ್ಕೊಂಡಿದ್ದೆ" ಎಂದ ಭಾವಮೈದ.

"ಅಂದ್ಕೊಂಡಿದ್ರೆ ಹೇಳ್ಬಾರದಿತ್ತೇನಯ್ಯಾ?"

"ನೀವು ದೊಡ್ಡೋರು, ಮಧ್ಯೆ ಬಾಯಿ ಹಾಕೋದು ಸರಿಯಲ್ಲ ಅಂತ."

ಆಫೀಸಿನವರನ್ನು ಮತ್ತೆ ಕರೆಯುವಂತಿರಲಿಲ್ಲ. ಆದದ್ದರಲ್ಲೇ ಗುಂಯ್ ಕಳೆಯಬೇಕು. ಅದಕ್ಕೂ ಸಾಫ್ಟ್‌ವೇರಿನಲ್ಲಿ ದಾರಿಯಿತ್ತು. ಯಾರೂ ಮಾತಾಡದ ತುಣುಕೊಂದನ್ನು ತೋರಿಸಿ, "ಇದೇ ನೋಡು ಗುಂಯ್" ಎಂದರೆ, ಅದನ್ನು ಎಲ್ಲ ಕಡೆಯಿಂದಲೂ ಅಳಿಸುತ್ತದೆ. ತೊಂದರೆಯೆಂದರೆ ಯಾರೂ ಮಾತಾಡದ ತುಣುಕೇ ಸಿಗಲಿಲ್ಲ. ಆ ಆಫೀಸಿನವರು ಬಾಯಿ ಮುಚ್ಚಿದ ಗಳಿಗೆಯೇ ಇರಲಿಲ್ಲ. ಸ್ಟೋರ್‌ಕೀಪರ್ ಗೊಣಗುತ್ತಿದ್ದ ತುಣುಕನ್ನೇ ತೋರಿಸಿ ನೋಡಿದರು. ಆತ ನೀರಿನ ಟ್ಯಾಂಕಿನೊಳಗಿಂದ ಹೊಗಳುತ್ತಿರುವಂತೆ ಕೇಳಿಸಿತು.

ಕೊನೆಗೆ ಸಿಕ್ಕಿತು. ಸಾಹೇಬರ ಬಗ್ಗೆ ಒಂದು ಒಳ್ಳೆಯ ಮಾತು ಹೇಳು ಎಂದಾಗ ಡ್ರೈವರ್ ಯೋಚಿಸುತ್ತ ಕೂತ ಆ ಹೊತ್ತು! ಎಂಥ ಶುದ್ಧ, ನಿರ್ಮಲ, ದೀರ್ಘ ಮೌನ ಅದು. ಅದನ್ನು ತೋರಿಸಿದ್ದೇ ಗುಂಯ್ ಮಾಯವಾಯಿತು.

ಉಳಿದದ್ದು ಮಾತಿನ ಕೊಳೆ. ಹಂಗಾಮಿಯವರು ಕತ್ತರಿ ಹಿಡಿದರು. ಸ್ಟೋರ್‌ಕೀಪರನ ಮೊದಲ ವಾಕ್ಯ ಇಟ್ಟುಕೊಂಡು ಎರಡನೆಯದನ್ನು ತೆಗೆದರು. ಟೈಪಿಸ್ಟಮ್ಮನ ಮಾತಿನಲ್ಲಿ ರಜೆಯ ವಿಷಯ ಹಾರಿಸಿದರು. ಆಗ "ಸಾಹೇಬ್ರು ಅಂದ್ರೆ ಸಾಹೇಬ್ರೇ. ಇಡೀ ಆಫೀಸಲ್ಲಿ ಎಂಥ ನೆಮ್ಮದಿ, ಎಂಥ ನಗು, ಎಂಥ ಪ್ರೀತಿ!" ಉಳಿಯಿತು. ಡ್ರೈವರನ ಕಥೆಯಲ್ಲಿ "ಕೊಡ್ಲಿಲ್ಲ" ಎಂಬ ಒಂದೇ ಪದ ಕತ್ತರಿಸಿದರು. ಕೇಳಿ ನೋಡಿದಾಗ ಹೆಂಡತಿಯೇ ಅಡುಗೆಮನೆಯಿಂದ ಬಂದು, "ಅಯ್ಯೋ ಪಾಪ, ಇಷ್ಟು ಒಳ್ಳೆಯೋರಾ ನಿಮ್ಮ ಸಾಹೇಬ್ರು? ನೀವು ದಿನಾ ಬೈತಿದ್ರಲ್ಲ!" ಎಂದು ಕಣ್ಣೊರೆಸಿಕೊಂಡಳು. ಅವಳನ್ನೇ ಅಳಿಸಿದ ಮೇಲೆ ನಿರ್ದೇಶಕರು ಯಾವ ಲೆಕ್ಕ! ಹಂಗಾಮಿಯವರಿಗೆ ತಮ್ಮ ಕೈಚಳಕದ ಮೇಲೆ ತಮಗೇ ಮೋಹ ಹುಟ್ಟಿತು.

"ನಿಮ್ಮದೇ ಸಪ್ಪೆಯಾಯ್ತು ಭಾವ" ಎಂದ ಭಾವಮೈದ. "ಈಗ ಮೈಕು ಸರಿಯಾಗಿದೆ, ಇನ್ನೊಂದ್ಸಲ ಹೇಳಿ. ಕೇಳಿದೋರಿಗೆ ಕರುಳು ಕಿತ್ತು ಬರ್ಬೇಕು."

ಹಂಗಾಮಿಯವರು ಕೂತರು. ಕೂರುವಾಗ ಊದಿದ ಹೆಬ್ಬೆರಳು ಮೇಜಿನ ಕಾಲಿಗೆ ತಗುಲಿತು. ಜೀವ ಹೋದಷ್ಟು ನೋವು. ಅದೇ ನೋವಿನಲ್ಲಿ, ಅದೇ ಬಿಕ್ಕಿನಲ್ಲಿ, ಬೀಳ್ಕೊಡುಗೆಗಳಲ್ಲಿ ಎಲ್ಲರೂ ಹೇಳುವ ಮಾತುಗಳನ್ನೇ ಹೇಳಿದರು. "ಸಾರ್, ನೀವು ಹೋದ್ಮೇಲೆ ಈ ಆಫೀಸು ಹೇಗೆ ನಡೆಯುತ್ತೋ ನನಗಂತೂ ಗೊತ್ತಿಲ್ಲ. ನಿಮ್ಮ ಕುರ್ಚೀಲಿ ಕೂತಾಗಲೆಲ್ಲ ನನಗೆ ಕೈಕಾಲೇ ಆಡ್ತಿರ್ಲಿಲ್ಲ. ನಿಮ್ಮ ಜಾಗ ತುಂಬೋ ಯೋಗ್ಯತೆ ನಮ್ಮಲ್ಲಿ ಯಾರಿಗೂ ಇಲ್ಲ ಸಾರ್, ಯಾರಿಗೂ ಇಲ್ಲ!"

ಭಾವಮೈದ ಅದರ ಕೆಳಗೆ ಒಂದು ಪಿಟೀಲು ಹರಿಯಬಿಟ್ಟ.

ಸಂಜೆ ಸಭಾಂಗಣ ತುಂಬಿತ್ತು. ನಿರ್ದೇಶಕರು ಮುಂದಿನ ಸಾಲಿನಲ್ಲಿ, ಅವರ ಪಕ್ಕ ಸಾಹೇಬರು. ಹಂಗಾಮಿಯವರು ಕುಂಟುತ್ತ ಹೋಗಿ ಲ್ಯಾಪ್‌ಟಾಪು ತೆರೆದು ಗುಂಡಿ ಒತ್ತಿದರು. ಮೊದಲು ಸ್ಟೋರ್‌ಕೀಪರನ ಧ್ವನಿ ಕೇಳಿತು. ಹಿಂದಿನ ಸಾಲಿನಲ್ಲಿ ಸ್ಟೋರ್‌ಕೀಪರ್ ಬೆಚ್ಚಿಬಿದ್ದ. "ಇದು ನಾನಾ?"

ಟೈಪಿಸ್ಟಮ್ಮನ ನೆಮ್ಮದಿ, ನಗು, ಪ್ರೀತಿಗೆ ಸಭೆ ಚಪ್ಪಾಳೆ ತಟ್ಟಿತು. ಡ್ರೈವರನ ಮಗಳ ಜ್ವರಕ್ಕೆ ನಿರ್ದೇಶಕರು ಕನ್ನಡಕ ತೆಗೆದರು. ಡ್ರೈವರ್ ಹಂಗಾಮಿಯವರ ಪಕ್ಕಕ್ಕೆ ಜಾರಿ ಬಂದು, "ಸಾರ್, ಅವತ್ತು ರಜೆ ಕೊಟ್ಟಿರ್ಲಿಲ್ಲ" ಎಂದ.

"ಸುಮ್ನಿರಪ್ಪ. ಈಗ ಕೊಟ್ಟಾಯ್ತು."

ಸಾಹೇಬರ ಸ್ಥಿತಿಯಂತೂ ನೋಡುವಂತಿರಲಿಲ್ಲ. ತಾವು ಇಷ್ಟು ಒಳ್ಳೆಯವರೆಂಬುದು ಅವರಿಗೂ ಅಂದೇ ಮೊದಲು ತಿಳಿದದ್ದು. ಹಂಗಾಮಿಯವರ ಬಿಕ್ಕು ಪಿಟೀಲಿನೊಂದಿಗೆ ಏರಿ ಇಳಿದು ನಿಂತಾಗ ಮುಂದಿನ ಸಾಲುಗಳಲ್ಲಿ ಕರವಸ್ತ್ರಗಳು ಹೊರಬಂದಿದ್ದವು. ಹಂಗಾಮಿಯವರು ಅಂಗಿ ಸರಿಮಾಡಿಕೊಂಡು, ವೇದಿಕೆಗೆ ಕರೆದರೆ ಯಾವ ಕಡೆಯ ಮೆಟ್ಟಿಲು ಹತ್ತಿರವೆಂದು ನೋಡಿಕೊಂಡರು.

ನಿರ್ದೇಶಕರು ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು.

"ನಾನು ಇವತ್ತು ಹೊಸ ಮ್ಯಾನೇಜರ್ ಹೆಸರು ಹೇಳೋಕೆ ಬಂದಿದ್ದೆ. ನಿಮ್ಮ ಸಾಹೇಬರೇ ದಾರಿಯಲ್ಲಿ ಒಬ್ಬರ ಹೆಸರು ಹೇಳಿದ್ರು, ನಾನೂ ಒಪ್ಪಿದ್ದೆ. ಆದರೆ ಈಗ ಅದೇ ಮನುಷ್ಯ ಅಳ್ತಾ, ಆ ಕುರ್ಚೀಲಿ ಕೂತ್ರೆ ನನಗೆ ಕೈಕಾಲು ಆಡೋದಿಲ್ಲ, ನಮಗ್ಯಾರಿಗೂ ಯೋಗ್ಯತೆ ಇಲ್ಲ ಅಂತ ತಾನೇ ಒಪ್ಕೊಂಡ್ರು. ಇಂಥ ಪ್ರಾಮಾಣಿಕರನ್ನ ನಾನು ಕಂಡಿಲ್ಲ. ಇಂಥವರ ತಲೆ ಮೇಲೆ ಅಷ್ಟು ದೊಡ್ಡ ಹೊರೆ ಹೊರಿಸೋದು ಪಾಪ. ಇಷ್ಟು ಜನ ಇಷ್ಟು ಪ್ರೀತಿಸೋ ಮ್ಯಾನೇಜರನ್ನ ಮನೆಗೆ ಕಳಿಸೋದು ಇನ್ನೂ ದೊಡ್ಡ ಪಾಪ. ನನಗೇ ಇವರಿಗಿಂತ ವಯಸ್ಸಾಗಿದೆ, ನಾನೇನು ಮನೇಲಿ ಕೂತಿದೀನಾ? ಇವರು ಕೈಲಾಗೋವರೆಗೂ ಇಲ್ಲೇ ಇರ್ತಾರೆ!"

ಸಾಹೇಬರು ಎದ್ದು ಬಂದು ಹಂಗಾಮಿಯವರನ್ನು ತಬ್ಬಿಕೊಂಡರು. "ನನಗೂ ಹೋಗೋಣ ಅಂತಲೇ ಇತ್ತು ಕಣ್ರೀ. ಆದ್ರೆ ನೀವೇ ಇಷ್ಟು ಕೇಳ್ಕೊಂಡ್ಮೇಲೆ..." ಎಂದು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ತುತ್ತನ್ನು ಬಾಯೇ ಉಗಿದಿತ್ತು. ಸಾಹೇಬರ ತೋಳಿನಿಂದ ಬಿಡಿಸಿಕೊಂಡು ಹಂಗಾಮಿಯವರು ನಿರ್ದೇಶಕರ ಬಳಿ ಓಡಿದರು. ಸತ್ಯ ಹೇಳಿಬಿಡೋಣವೆಂದು ಅವರಿಗೆ ಆ ಗಳಿಗೆಯಲ್ಲಿ ನಿಜವಾಗಿಯೂ ಅನ್ನಿಸಿತು. "ಸಾರ್, ಅದು... ಆ ರೆಕಾರ್ಡಿಂಗು... ಅದರಲ್ಲಿ ನಾನು ತುಂಬಾ ಕತ್ತರಿಸಿದೀನಿ ಸಾರ್. ಪೂರ್ತಿ ಕೇಳಿದ್ರೆ ನಿಮಗೆ ಬೇರೆ ಥರ ಅನ್ನಿಸ್ತಿತ್ತು."

ನಿರ್ದೇಶಕರು ಅವರ ಭುಜ ತಟ್ಟಿದರು. "ನನಗೆ ಗೊತ್ತಾಗಲ್ವೇನ್ರೀ? ಹೊತ್ತು ಸಾಲದು ಅಂತ ಇನ್ನೂ ಎಷ್ಟು ಒಳ್ಳೆ ಮಾತು ಕತ್ತರಿಸಿ ಎಸೆದಿದೀರೋ! ಹಾಗೆಲ್ಲ ಮಾಡ್ಬಾರ್ದು. ಕತ್ತರಿಸಿದ್ದೆಲ್ಲ ಸೇರಿಸಿ, ಒಂದು ಅಕ್ಷರ ಬಿಡದೆ, ನಾಳೆ ಸಂಜೆಯೊಳಗೆ ಹೆಡ್ಡಾಫೀಸಿಗೆ ಕಳಿಸಿ. ಎಲ್ಲ ಶಾಖೆಗಳಿಗೂ ಕೇಳಿಸೋಣ."

ನಿರ್ದೇಶಕರ ಕಾರು ಹೊರಟಿತು. ಸಾಹೇಬರು ಅದೇ ಕಾರಿನಲ್ಲಿ, ಹೋಗುವವರಂತೆ ಅಲ್ಲ, ಇರುವವರಂತೆ ಕೂತು ಹೋದರು. ಹಂಗಾಮಿಯವರು ತಿರುಗಿ ನೋಡಿದರೆ ಇಡೀ ಆಫೀಸು ಅವರನ್ನೇ ನುಂಗುವಂತೆ ನೋಡುತ್ತ ನಿಂತಿತ್ತು.

"ದಯವಿಟ್ಟು ನಾಳೆ ಬೆಳಿಗ್ಗೆ ಮತ್ತೆ ಎಲ್ಲರೂ ನಮ್ಮನೆಗೆ ಬನ್ನಿ" ಎಂದು ಕೈಮುಗಿದರು. "ಸಾಹೇಬರನ್ನ ಇನ್ನೂ ಸ್ವಲ್ಪ ಹೊಗಳ್ಬೇಕಾಗಿದೆ."

"ನೀವೇ ಹೊಗಳ್ಕೊಳ್ಳಿ ಸಾರ್. ನಮ್ಮ ಬಾಯಿಗಿಂತ ನಿಮ್ಮ ಕತ್ತರಿ ಚೆನ್ನಾಗಿ ಹೊಗಳುತ್ತೆ" ಎಂದು ಸ್ಟೋರ್‌ಕೀಪರ್ ಚಪ್ಪಲಿ ಮೆಟ್ಟಿಕೊಂಡ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಹೊರಟುಹೋದರು.